ಪದ್ಮಿನಿಗೆ ಬೇರೆ ಇಂಜಿನ್ ಕೂರಿಸಿದ್ದು

ಉಡುಪಿಯಲ್ಲಿ ಮದುವೆ ಊಟ ಮುಗಿಸಿಕೊಂಡು ಸಂಜೆ ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಘಾಟಿ ಹತ್ತುತ್ತಿದ್ದೆವು. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳು. ಹಿಂದಿನ ಸೀಟಲ್ಲಿ ಅಮ್ಮ ಮತ್ತು ಚಿಕ್ಕಮ್ಮ, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ. ಒಂಬತ್ತನೇ ತಿರುವಿನಲ್ಲಿ ಬಾನೆಟ್ ಸಂದಿಯಿಂದ ಹಬೆ ಬಂತು. ನಾನೇ ಹಿಂದೆ ಹಾಕಿಸಿದ್ದ ಟೆಂಪರೇಚರ್ ಮೀಟರಿನ ಮುಳ್ಳು ಕೊನೆಗೆ ಹೋಗಿ ಕೂತಿತ್ತು. ಅದು ಯಾವಾಗ ಹೋಗಿ ಕೂತಿತೋ ನಾನು ನೋಡಿರಲಿಲ್ಲ. ಮಾತಾಡುತ್ತಿದ್ದೆ.

ಆಗ ಮಾಡಬೇಕಾಗಿದ್ದು ಒಂದೇ. ಕಾರು ಬದಿಗೆ ನಿಲ್ಲಿಸಿ ಅರ್ಧ ಮುಕ್ಕಾಲು ಗಂಟೆ ಸುಮ್ನೆ ಕೂರಬೇಕಿತ್ತು. ಆದರೆ ಕತ್ತಲಾಗುತ್ತಿತ್ತು, ಕಟ್ಟೆಯ ಮೇಲಿನ ಮಂಗಗಳು ತೆಂಗಿನಕಾಯಿ ಚೀಲದ ಮೇಲೆ ಕಣ್ಣಿಟ್ಟಿದ್ದವು. ನಾನು ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತೆಗೆದೆ. ಹಬೆ ಇಳಿಯುವ ತನಕ ಕಾದು, ರಸ್ತೆ ಪಕ್ಕದ ಝರಿಯಿಂದ ಎರಡು ಬಾಟಲಿ ತಣ್ಣೀರು ಸುರಿದೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅಂತು. ಆಮೇಲೆ ಒಳಗೆಲ್ಲೋ ಸಣ್ಣಗೆ 'ಟಿಕ್' ಅಂತ ಒಂದು ಸದ್ದು. ನನ್ನ ದುಡ್ಡು ಹೋದ ಸದ್ದು ಅದೇ ಅಂತ ಈಗ ಗೊತ್ತು.

ಹೇಗೋ ನಿಂತು ನಿಂತು ತೀರ್ಥಹಳ್ಳಿ ಮುಟ್ಟಿದೆವು. ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದರೆ ಇಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಆಯಿಲಿಗೆ ನೀರು ಸೇರಿದೆ.

ನಮ್ಮೂರಿನಲ್ಲಿ ಫಿಯೆಟ್, ಅಂದರೆ ಪದ್ಮಿನಿಯ, ಕೆಲಸ ಗೊತ್ತಿರುವ ಮೇಸ್ತ್ರಿ ಒಬ್ಬರೇ ಉಳಿದಿದ್ದಾರೆ. ವಯಸ್ಸು ಎಪ್ಪತ್ತರ ಮೇಲಾಯಿತು, ಈಗ ಗ್ಯಾರೇಜ್ ಇಲ್ಲ. ಕರೆದರೆ ಮನೆಗೆ ಬರುತ್ತಾರೆ, ಚೀಲದಲ್ಲಿ ತಮ್ಮದೇ ಸ್ಪ್ಯಾನರ್ ತರುತ್ತಾರೆ. ಬಂದವರು ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿದರು. ಅದರ ಕೆಳಗೆ ಸಂದಿ ಮುಚ್ಚುವ ಹಾಳೆ, ಗ್ಯಾಸ್ಕೆಟ್, ಸುಟ್ಟಿತ್ತು. ಗ್ಯಾಸ್ಕೆಟ್ ಒಂದೇ ಆದರೆ ಸಾವಿರ ಎರಡು ಸಾವಿರದಲ್ಲಿ ಮುಗಿಯುತ್ತೆ ಅಂತ ನನಗೆ ಖುಷಿ. ಮೇಸ್ತ್ರಿ ಮಾತಾಡಲಿಲ್ಲ. ಮೂರನೇ ಸಿಲಿಂಡರಿನ ಗೋಡೆಯನ್ನು ಒರೆಸಿ ಸೀಮೆಎಣ್ಣೆ ಹಚ್ಚಿದರು. ಐದು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿದರು. ಆಮೇಲೆ ನನ್ನ ಮಗಳ ಚಾಕ್‌ಪೀಸ್ ಪುಡಿ ಮಾಡಿ ಉದುರಿಸಿದರು. ಬಿಳಿ ಪುಡಿಯ ಮೇಲೆ ನಿಧಾನವಾಗಿ ಒಂದು ಒದ್ದೆ ಗೆರೆ ಮೂಡಿತು. ಕೂದಲೆಳೆಯಷ್ಟು ಸಣ್ಣದು. ಸಿಲಿಂಡರಿನ ಮೇಲಂಚಿನಿಂದ ಶುರುವಾಗಿ ಎರಡು ಬೆರಳು ಕೆಳಗಿನವರೆಗೆ ಇತ್ತು. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆಯನ್ನು ಚಾಕ್ ಪುಡಿ ಹೊರಗೆ ಹೀರಿತ್ತು. ಯಾವ ಯಂತ್ರವೂ ಇಲ್ಲದೆ ರೋಗ ಪತ್ತೆಯಾಗಿತ್ತು. ಆ ಗೆರೆ ನೋಡುತ್ತಾ ನಾನು ತುಂಬಾ ಹೊತ್ತು ಕೂತಿದ್ದೆ.

ಶಿವಮೊಗ್ಗದ ಲೇತ್‌ನವರಿಗೆ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಮೈ, ತೋರಿಸಿದೆವು. ಬಿರುಕು ಬರೀ ಬೋರಿನ (ಸಿಲಿಂಡರಿನ ತೂತಿನ) ಒಳಗಿದ್ದರೆ ಲೈನರ್ ಅನ್ನೋ ಕೊಳವೆ ಹೊಡೆದು ಕೊಡುತ್ತಿದ್ದೆ, ಇದು ಮೇಲಿನ ಹಾಸಿಗೂ ಬಂದಿದೆ, ನನ್ನ ಮೇಲೆ ಹಾಕಬೇಡಿ ಅಂದುಬಿಟ್ಟರು. ಅಲ್ಲಿಗೆ ಹಳೇ ಇಂಜಿನ್ ಕತೆ ಮುಗಿಯಿತು.

ಈಗ ಯಾವ ಇಂಜಿನ್ ಹಾಕಬೇಕು? ಇಲ್ಲಿ ಎಲ್ಲರೂ ಪಂಡಿತರೇ. ಒಬ್ಬರು ಡೀಸೆಲ್ ಹಾಕಿ ಅಂದರು. ಪದ್ಮಿನಿಯಲ್ಲೇ 137ಡಿ ಅಂತ 1366 ಸಿಸಿಯ ಡೀಸೆಲ್ ಬರುತ್ತಿತ್ತು, ಅದು ನಿಜ. ಆದರೆ ಅದರ ಬಿಡಿಭಾಗ ಪೆಟ್ರೋಲ್ ಪದ್ಮಿನಿಯದ್ದಕ್ಕಿಂತ ಅಪರೂಪ. ಇನ್ನೊಬ್ಬರು ಪ್ರೀಮಿಯರ್ 118ಎನ್‌ಇ ಇಂಜಿನ್ ಅಂದರು. ಅದು ನಿಸಾನ್ ಎ12, 1171 ಸಿಸಿ, ಒಳ್ಳೇ ಇಂಜಿನ್ನೇ. ಆದರೆ ಅದನ್ನು ಹಾಕಿದರೆ ಗೇರ್‌ಬಾಕ್ಸ್ ಬದಲಾಗಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು, ಸ್ಟೇರಿಂಗ್ ಪಕ್ಕದ ಗೇರ್ ಹ್ಯಾಂಡಲ್ ಹೋಗಿ ನೆಲದಿಂದ ಕೋಲು ಎದ್ದು ಬರಬೇಕು. ಸ್ಟೇರಿಂಗ್ ಗೇರ್ ಇಲ್ಲದ ಪದ್ಮಿನಿ ಯಾಕೆ ಬೇಕು? ಓಮ್ನಿ ಇಂಜಿನ್ ಅಂದವರೂ ಇದ್ದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ.

ನನ್ನ ತೀರ್ಮಾನ ಸರಳ. ಅದೇ 1089 ಸಿಸಿ ಇಂಜಿನ್ ಬೇಕು. 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, ನಾಲ್ಕು ಸಿಲಿಂಡರ್, ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಗೇರ್‌ಬಾಕ್ಸ್ ಮುಟ್ಟುವ ಹಾಗಿಲ್ಲ, ಚಾಸಿಗೆ ವೆಲ್ಡಿಂಗ್ ಹಚ್ಚುವ ಹಾಗಿಲ್ಲ. ಆರ್‌ಸಿಯಲ್ಲೂ ಸಿಸಿ ಬದಲಾಗುವುದಿಲ್ಲ, ಇಂಜಿನ್ ನಂಬರ್ ಮಾತ್ರ ಬದಲಾಗುತ್ತೆ.

ಆದರೆ ಅಂಥ ಇಂಜಿನ್ ಸಿಗಬೇಕಲ್ಲ. ಮುಂಬೈನ ಕುರ್ಲಾದಲ್ಲಿ ಈ ಕಾರು 1964ರಿಂದ ಬರುತ್ತಿತ್ತು, ಮೊದಲು ಫಿಯೆಟ್ 1100 ಡಿಲೈಟ್ ಅಂತ. 1974ರಲ್ಲಿ ಪದ್ಮಿನಿ ಅನ್ನೋ ಹೆಸರು ಬಂತು. ನಮ್ಮದು 1978ರದ್ದು. ಅಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದದ್ದು. ಹೊಸ ಶತಮಾನದ ಹೊತ್ತಿಗೆ ತಯಾರಿಕೆ ನಿಂತಿತು. ಆಮೇಲೂ ಮುಂಬೈನ ಕಪ್ಪು ಹಳದಿ ಟ್ಯಾಕ್ಸಿಗಳು ಇರುವ ತನಕ ಬಿಡಿಭಾಗದ ಚಿಂತೆ ಅಷ್ಟಿರಲಿಲ್ಲ. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಈಗ ನಮ್ಮಂಥವರು ಒಬ್ಬರ ಹಿತ್ತಲನ್ನು ಇನ್ನೊಬ್ಬರು ಹಣಕಿ ನೋಡುವ ಕಾಲ.

ಬೆಂಗಳೂರಿಗೆ ಹೋದೆ. ಒಂದು ಗುಜರಿ ಅಂಗಡಿಯಲ್ಲಿ ಮೂರು ಇಂಜಿನ್ ಸಾಲಾಗಿ ಇಟ್ಟಿದ್ದರು. ಕರಿ ಪೇಂಟ್ ಹೊಡೆದು ಮಿರಿಮಿರಿ ಮಿಂಚುತ್ತಿದ್ದವು. ಒಂದರಲ್ಲಿ ನಂಬರ್ ಇರಬೇಕಾದ ಜಾಗವನ್ನು ಗ್ರೈಂಡರಿನಲ್ಲಿ ಉಜ್ಜಿದ್ದರು. ಇನ್ನೆರಡಕ್ಕೆ ಕಾಗದ ಇಲ್ಲ. ಬಿಲ್ ಕೊಡ್ತೀವಿ ಸಾರ್, ಇಂಜಿನ್ ಸಾಮಾನು ಅಂತ ಬರೆದು ಕೊಡ್ತೀವಿ ಅಂದರು. ಅಂಥ ಬಿಲ್ ತೆಗೆದುಕೊಂಡು ಆರ್‌ಟಿಒ ಮುಂದೆ ನಿಂತರೆ ಕಳ್ಳತನದ ಇಂಜಿನ್ ಅಲ್ಲ ಅಂತ ನಾನೇ ಸಾಬೀತು ಮಾಡಬೇಕು. ಜೆ.ಸಿ. ರಸ್ತೆಯಲ್ಲಿ ಗ್ಯಾಸ್ಕೆಟ್ ಸೆಟ್, ರಿಂಗ್ ಸೆಟ್, ಬೇರಿಂಗ್, ಕ್ಲಚ್ ಪ್ಲೇಟ್ ಕೊಂಡು ಇಂಜಿನ್ ಇಲ್ಲದೆ ವಾಪಸ್ ಬಂದೆ.

ಕೊನೆಗೆ ಸಿಕ್ಕಿದ್ದು ಸಾಗರದ ಹತ್ತಿರ, ಒಂದು ಅಡಿಕೆ ತೋಟದ ಮನೆಯ ಕೊಟ್ಟಿಗೆಯಲ್ಲಿ. 1994ರ ಪದ್ಮಿನಿ. ಮಲೆನಾಡಿನ ಮಳೆ ಅದರ ಬಾಡಿಯನ್ನು ಪೂರಾ ತಿಂದಿತ್ತು. ಬಾಗಿಲು ಎಳೆದರೆ ಬಾಗಿಲೇ ಕೈಗೆ ಬಂತು. ಹಿಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂತಿತ್ತು. ಆದರೆ ಬಾನೆಟ್ ಕೆಳಗೆ ಎಲ್ಲಾ ಇತ್ತು. ಮುಖ್ಯವಾಗಿ ಆರ್‌ಸಿ ಇತ್ತು, ಮಾಲೀಕರು ಜೀವಂತವಾಗಿ ಎದುರಿಗೇ ಇದ್ದರು. ಹಳೇ ಗಾಡಿ ವ್ಯವಹಾರದಲ್ಲಿ ಇದು ಸಣ್ಣ ವಿಷಯ ಅಲ್ಲ.

ಮೇಸ್ತ್ರಿ ನಾಲ್ಕೂ ಪ್ಲಗ್ ಬಿಚ್ಚಿದರು. ಹಳೇ ಮೈಕೋ ಪ್ಲಗ್, ನಮ್ಮ ಆಡುಗೋಡಿಯದ್ದು. ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು, ಇವತ್ತು ಮುಟ್ಟೋದು ಬೇಡ ಅಂದರು. ಮಾರನೇ ದಿನ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಒತ್ತಿದರು. ಗಟ್ಟಿ. ಇನ್ನೊಮ್ಮೆ. ಕರ್ ಅಂತ ಬಿಟ್ಟಿತು. ಬ್ಯಾಟರಿ ಕೊಟ್ಟು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ, ನೋಡಿದೆವು. ನಾಲ್ಕರಲ್ಲೂ 120 ಪಿಎಸ್‌ಐ ಆಸುಪಾಸು, ತೀರಾ ಹೆಚ್ಚು ಕಡಿಮೆ ಇಲ್ಲ. ಬೋರಿಗೆ ಹಾಕಿದ್ದ ಎಣ್ಣೆಯಿಂದ ಅಳತೆ ಸ್ವಲ್ಪ ಮೇಲೆ ತೋರಿಸುತ್ತೆ, ಆದರೂ ಒಂದೇ ಸಮ ಇರೋದು ಮುಖ್ಯ ಅಂದರು ಮೇಸ್ತ್ರಿ. 40 ಸಾವಿರಕ್ಕೆ ಇಡೀ ಕಾರು ಮಾತಾಯಿತು. ಕೋಳಿ ಬಿಟ್ಟು.

ಕಾಗದದ ಕೆಲಸ ಇಂಜಿನ್ ಇಳಿಸುವ ಮೊದಲೇ ಮಾಡಿ ಅಂತ ಯಾರೇ ಕೇಳಿದರೂ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಜಿನ್ ಬದಲಿಸಲು ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ನಾನು ಕೊಟ್ಟಿದ್ದು ಇಷ್ಟು: ಅರ್ಜಿ, ಸಾಗರದವರ ಮಾರಾಟ ಪತ್ರ, ನನ್ನ ಅಫಿಡವಿಟ್, ಆ ಇಂಜಿನ್ ಕಳುವಾದ ಗಾಡಿಯದ್ದಲ್ಲ ಅನ್ನೋದಕ್ಕೆ ಪೊಲೀಸ್ ದಾಖಲೆಯ ಪ್ರತಿ. ಆ ಕಡೆ ಸಾಗರದವರು ತಮ್ಮ ಗಾಡಿಯ ನೋಂದಣಿ ರದ್ದು ಮಾಡಿಸಬೇಕು. ಅದಕ್ಕೆ ಚಾಸಿ ನಂಬರ್ ಇರುವ ತಗಡಿನ ತುಂಡನ್ನೇ ಕತ್ತರಿಸಿ ಒಪ್ಪಿಸಬೇಕಾಯಿತು. ಗಾಡಿಯ ಮರಣ ಪತ್ರ ಅಂತ ಅವರು ನಕ್ಕರು. ನಗು ಪೂರ್ತಿ ಬರಲಿಲ್ಲ. ಅವರ ತಂದೆಯೂ ಅದರಲ್ಲೇ ಓಡಾಡಿದ್ದವರು.

ಜನವರಿ. ಅಂಗಳದ ಅರ್ಧಕ್ಕೆ ಅಡಿಕೆ ಹರವಿತ್ತು. ಇನ್ನರ್ಧದಲ್ಲಿ ಪದ್ಮಿನಿ ನಿಲ್ಲಿಸಿಕೊಳ್ಳಲು ಅಮ್ಮನ ಅನುಮತಿ ಸಿಕ್ಕಿತು, ಎಣ್ಣೆ ಚೆಲ್ಲಬಾರದು ಅನ್ನೋ ಷರತ್ತಿನ ಮೇಲೆ. ಬೋರ್‌ವೆಲ್ ಪಂಪ್ ಎತ್ತುವ ಹುಡುಗರಿಂದ ಕಬ್ಬಿಣದ ಮುಕ್ಕಾಲಿಯನ್ನೂ ಚೈನ್ ಪುಲ್ಲಿಯನ್ನೂ ಒಂದು ದಿನದ ಬಾಡಿಗೆಗೆ ತಂದೆ. ಹಳೇ ಬ್ಲಾಕ್ ಲೇತಿನಿಂದ ವಾಪಸ್ ಬಂದಿತ್ತು. ಅಂದರೆ ಬಿಚ್ಚುವ ಕೆಲಸ ಆಗಲೇ ಆಗಿಹೋಗಿತ್ತು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಬಾನೆಟ್, ರೇಡಿಯೇಟರ್, ಕಾರ್ಬುರೇಟರ್, ಸೈಲೆನ್ಸರ್ ಪೈಪು, ಸ್ಟಾರ್ಟರ್, ಫೌಂಡೇಶನ್ ನಟ್ಟುಗಳು. ಗೇರ್‌ಬಾಕ್ಸ್ ಕಾರಿನಲ್ಲೇ ಇರುತ್ತೆ, ಅದರ ಕೆಳಗೆ ಜಾಕ್ ಕೊಟ್ಟಿರಬೇಕು. ಗೇರ್‌ಬಾಕ್ಸ್ ಇಂಜಿನ್ನಿಗೆ ಸೇರುವ ಗಂಟೆಯಾಕಾರದ ಕವಚಕ್ಕೆ ಬೆಲ್ ಹೌಸಿಂಗ್ ಅಂತಾರೆ, ಅದರ ಮೇಲಿನ ಬೋಲ್ಟುಗಳಿಗೆ ಮಾತ್ರ ದೊಡ್ಡವರ ಕೈ ಹೋಗುವುದಿಲ್ಲ. ಪಕ್ಕದ ಮನೆಯ ಪಿಯುಸಿ ಹುಡುಗನ ತೆಳ್ಳಗಿನ ಕೈಯೇ ಬೇಕಾಯಿತು.

ಒಂದು ಬುದ್ಧಿವಂತಿಕೆ ಮಾಡಿದ್ದೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದಿದ್ದೆ. ಬೋಲ್ಟುಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಟ್ಟಿದ್ದೆ. ಇಡ್ಲಿ ತಟ್ಟೆಯ ವಿಷಯ ಮನೆಯಲ್ಲಿ ತಡವಾಗಿ ಗೊತ್ತಾಯಿತು.

ತಂದ ಇಂಜಿನ್ನನ್ನು ಹಾಗೇ ಹಾಕಲಿಲ್ಲ. ಹಾಗೇ ಹಾಕಬಹುದು, ಓಡುತ್ತೆ, ಆರು ತಿಂಗಳಿಗೆ ಮತ್ತೆ ಇಳಿಸ್ತೀಯ ಅಂದರು ಮೇಸ್ತ್ರಿ. ಪೂರ್ತಿ ಬಿಚ್ಚಿದೆವು. ಬೋರ್ ಇನ್ನೂ ಸ್ಟ್ಯಾಂಡರ್ಡ್ ಅಳತೆಯಲ್ಲೇ ಇತ್ತು, ಒಂದು ಸಲವೂ ಕೊರೆದಿರಲಿಲ್ಲ. ಅದು ನಮ್ಮ ಅದೃಷ್ಟ. ಹೊಸ ರಿಂಗ್, ಹೊಸ ಬೇರಿಂಗ್, ವಾಲ್ವ್ ಗ್ರೈಂಡಿಂಗ್. ಹೆಡ್ ಮೇಲ್ಮೈಯನ್ನು ಲೇತಿನಲ್ಲಿ ಒಂದು ಸಲ ಸವರಿಸಿ ಮಟ್ಟ ಮಾಡಿಸಿದೆವು. ಬ್ಲಾಕಿನ ಪಕ್ಕದಲ್ಲಿ ನೀರಿನ ದಾರಿಗೆ ಮುಚ್ಚಳದ ಹಾಗೆ ಬಡಿದ ತಗಡಿನ ಬಿಲ್ಲೆಗಳಿರುತ್ತವೆ, ವೆಲ್ಚ್ ಪ್ಲಗ್ ಅಂತಾರೆ. ಒಂದನ್ನು ಸ್ಕ್ರೂಡ್ರೈವರಿನಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಒಳಗಿನಿಂದ ಒಂದು ಬೊಗಸೆ ಕೆಂಪು ತುಕ್ಕು ಬಂತು. ಎಲ್ಲಾ ಬಿಲ್ಲೆಗಳನ್ನೂ ಬದಲಿಸಿದೆವು.

ಹಳೇ ರೇಡಿಯೇಟರ್ ಬಿಚ್ಚಿಸಿದಾಗ ಘಾಟಿಯಲ್ಲಿ ಏನಾಗಿತ್ತು ಅಂತಲೂ ಗೊತ್ತಾಯಿತು. ಕೊಳವೆಗಳಲ್ಲಿ ಮೂರನೇ ಒಂದು ಭಾಗ ಮಣ್ಣಿನಿಂದ ಕಟ್ಟಿಕೊಂಡಿತ್ತು. ವರ್ಷಾನುಗಟ್ಟಲೆ ಬಾವಿ ನೀರು, ಹೊಳೆ ನೀರು, ಝರಿ ನೀರು, ಸಿಕ್ಕಿದ ನೀರು ಹಾಕಿದ್ದರ ಫಲ. ಇದನ್ನು ಹಾಗೇ ಬಿಟ್ಟು ಹೊಸ ಇಂಜಿನ್ ಹಾಕಿದ್ದರೆ ಅದಕ್ಕೂ ಅದೇ ಗತಿ. ಈಗ ಕೂಲಂಟ್ ಬಿಟ್ಟು ಬೇರೇನೂ ಹಾಕುವುದಿಲ್ಲ.

ಕೂರಿಸುವ ದಿನ ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ಒಂದಂಗುಲ. ಗೇರ್‌ಬಾಕ್ಸಿನಿಂದ ಒಂದು ಹಲ್ಲಿನ ಶಾಫ್ಟ್ ಮುಂದಕ್ಕೆ ಚಾಚಿರುತ್ತೆ. ಅದು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ನುಗ್ಗಿ, ಇಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ತುದಿಯ ಬುಷ್‌ನಲ್ಲಿ ಹೋಗಿ ಕೂರಬೇಕು. ಅದಕ್ಕೆ ಕ್ಲಚ್ ಪ್ಲೇಟ್ ಸರಿಯಾಗಿ ನಡುಮಧ್ಯ ಇರಬೇಕು. ಇದಕ್ಕೆ ಬೇಕಾದ ಸಲಕರಣೆ ನಮ್ಮಲ್ಲಿ ಇರಲಿಲ್ಲ. ಮೇಸ್ತ್ರಿ ಪೇರಲೆ ಕೊಂಬೆಯನ್ನು ಕೆತ್ತಿ, ಅದಕ್ಕೆ ಟೇಪ್ ಸುತ್ತಿ ಅಳತೆಗೆ ತಂದು, ಒಂದು ಮರದ ಶಾಫ್ಟ್ ಮಾಡಿಕೊಟ್ಟರು. ಅದನ್ನು ನನ್ನ ಕೈಗೆ ಕೊಟ್ಟು, ಪ್ಲೇಟ್ ಕೂರಿಸಿಡು, ಊಟ ಮಾಡಿ ಬರ್ತೀನಿ ಅಂದರು. ನಾನು ಕೂರಿಸಿದೆ. ಈ ಮಾತು ನೆನಪಿಟ್ಟುಕೊಳ್ಳಿ.

ಚೈನ್ ಎಳೆದು ಇಂಜಿನ್ ಎತ್ತಿದೆವು. ಮೂತಿ ಸ್ವಲ್ಪ ಮೇಲೆ ಮಾಡಿ ಒಳಗೆ ಇಳಿಸಿದೆವು. ಶಾಫ್ಟ್ ಅರ್ಧ ಹೋಯಿತು. ಆಮೇಲೆ ನಿಂತಿತು. ಬ್ಲಾಕಿಗೂ ಬೆಲ್ ಹೌಸಿಂಗಿಗೂ ನಡುವೆ ಒಂದಂಗುಲ ಸಂದಿ. ಅಲ್ಲಾಡಿಸಿದೆವು, ತಳ್ಳಿದೆವು, ಜಾಕ್ ಏರಿಸಿದೆವು, ಇಳಿಸಿದೆವು. ಉದ್ದದ ಬೋಲ್ಟ್ ಹಾಕಿ ಬಿಗಿದು ಎಳೆದುಬಿಡೋಣ ಅಂದೆ. ಮೇಸ್ತ್ರಿಗೆ ಸಿಟ್ಟೇ ಬಂತು. ಹಾಗೆ ಎಳೆದವರ ಬೆಲ್ ಹೌಸಿಂಗಿನ ಕಿವಿ ಮುರಿದು ಬಿದ್ದಿದ್ದನ್ನು ನೋಡಿದ್ದೀನಿ ಅಂದರು. ಆಮೇಲೆ ನನ್ನನ್ನು ಒಳಗೆ ಕೂರಿಸಿ ಕಾರನ್ನು ಟಾಪ್ ಗೇರಿಗೆ ಹಾಕಿಸಿದರು. ಚಕ್ರ ನೆಲದ ಮೇಲಿದೆ, ಹಾಗಾಗಿ ಗೇರ್‌ಬಾಕ್ಸ್ ಶಾಫ್ಟ್ ತಿರುಗುವುದಿಲ್ಲ. ಈಗ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಒಂಚೂರು ಒಂಚೂರೇ ತಿರುಗಿಸುತ್ತಾ ಹೋದರು. ಇನ್ನೊಂದು ಕೈ ಬ್ಲಾಕಿನ ಮೇಲೆ. ನೂಕುತ್ತಿರಲಿಲ್ಲ, ಹಸುವಿನ ಬೆನ್ನು ಸವರುವ ಹಾಗೆ ಸುಮ್ನೆ ಇಟ್ಟಿದ್ದರು. ಒಂದು ಕಡೆ ಹಲ್ಲಿಗೆ ಹಲ್ಲು ಸಿಕ್ಕಿತು. 'ಸರ್' ಅಂತ ಇಡೀ ಇಂಜಿನ್ ತಾನಾಗಿ ಹಿಂದೆ ಸರಿದು 'ಟಕ್' ಅಂತ ಮುಚ್ಚಿಕೊಂಡಿತು.

ಮಾರನೇ ದಿನ ಉಳಿದದ್ದನ್ನೆಲ್ಲ ಜೋಡಿಸಿ, ಆಯಿಲ್ ತುಂಬಿ, ಪ್ಲಗ್ ಇಲ್ಲದೆ ಸ್ಟಾರ್ಟರ್ ಹೊಡೆದೆವು. ಆಯಿಲ್ ದೀಪ ಆರಬೇಕು, ಆಮೇಲೆ ಪ್ಲಗ್ ಹಾಕಬೇಕು. ದೀಪ ಆರಿತು. ಕೀ ತಿರುಗಿಸಿದೆ. ಕಾರ್ಬುರೇಟರಿನಿಂದ ಢಬ್ ಅಂತ ಬೆಂಕಿ ಉಗುಳಿತು, ನಾಯಿ ಓಡಿಹೋಯಿತು. ಪ್ಲಗ್ಗುಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಉಲ್ಟಾ ಕೂತಿತ್ತು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರ್ ಒಂದು ಸುತ್ತು. ಪುಲ್ಲಿಯ ಗುರುತು ಮಾತ್ರ ನೋಡಿ ಹಾಕಿದರೆ ಅರ್ಧ ಸುತ್ತು ತಪ್ಪುವ ಸಾಧ್ಯತೆ ಇದ್ದೇ ಇರುತ್ತೆ. ಮೇಸ್ತ್ರಿ ಒಂದನೇ ಪ್ಲಗ್ ತೆಗೆದು ತೂತಿಗೆ ಹೆಬ್ಬೆಟ್ಟು ಒತ್ತಿಟ್ಟುಕೊಂಡರು, ನಾನು ಪುಲ್ಲಿ ತಿರುಗಿಸಿದೆ. ಗಾಳಿ ಹೆಬ್ಬೆಟ್ಟನ್ನು ಹೊರಗೆ ತಳ್ಳಿದಾಗ, ಹಾಂ ಇದೇ ಅಂದರು. 1-3-4-2 ಕ್ರಮದಲ್ಲಿ ವಯರ್ ಮತ್ತೆ ಚುಚ್ಚಿದೆವು. ಎರಡನೇ ಸಲಕ್ಕೆ ಹತ್ತಿಕೊಂಡಿತು. ಆ ಸದ್ದು ಕೇಳಿ ಅಮ್ಮ ಅಡುಗೆ ಮನೆಯಿಂದ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತರು. ಏನೂ ಹೇಳಲಿಲ್ಲ.

ಖುಷಿಯಲ್ಲಿ ಕ್ಲಚ್ ತುಳಿದು ಮೊದಲ ಗೇರಿಗೆ ಹಾಕಿದೆ. ಗರ್ರ್ರ್. ರಿವರ್ಸ್, ಗರ್ರ್ರ್. ಕ್ಲಚ್ ಬಿಡಿಸುತ್ತಲೇ ಇಲ್ಲ. ಅಡ್ಜಸ್ಟ್‌ಮೆಂಟ್ ಇರಬಹುದು ಅಂತ ಸಂಜೆ ತನಕ ಕಾರಿನ ಕೆಳಗೇ ಮಲಗಿದ್ದೆವು. ಕೊನೆಗೆ ಮೇಸ್ತ್ರಿ ನನ್ನ ಮುಖ ನೋಡಿದರು. ಪ್ಲೇಟ್ ಯಾವ ಮುಖ ಯಾವ ಕಡೆ ಹಾಕಿದ್ದೆ?

ಕ್ಲಚ್ ಪ್ಲೇಟಿಗೆ ಎರಡು ಮುಖ. ನಡುವಿನ ಗುಬ್ಬಿ ಜಾಸ್ತಿ ಉಬ್ಬಿರುವ ಮುಖ ಗೇರ್‌ಬಾಕ್ಸ್ ಕಡೆ ಇರಬೇಕು. ನಾನು ಅದನ್ನು ಇಂಜಿನ್ನಿನ ಹಿಂದಿನ ಭಾರದ ಚಕ್ರದ, ಅಂದರೆ ಫ್ಲೈವೀಲ್ ಕಡೆ ಹಾಕಿದ್ದೆ. ಗುಬ್ಬಿ ಹೋಗಿ ಫ್ಲೈವೀಲಿಗೆ ಒತ್ತಿಕೊಂಡಿತ್ತು. ಐದು ಸೆಕೆಂಡಿನ ತಪ್ಪು. ಸರಿ ಮಾಡಲು ಇಂಜಿನ್ ಪೂರ್ತಿ ಮತ್ತೆ ಇಳಿಸಬೇಕು. ಮುಕ್ಕಾಲಿ ವಾಪಸ್ ಕೊಟ್ಟಾಗಿತ್ತು, ಆ ಹುಡುಗರು ಕೊಪ್ಪದ ಕಡೆ ಬೋರ್‌ವೆಲ್ ಕೆಲಸಕ್ಕೆ ಹೋಗಿದ್ದರು. ಹತ್ತು ದಿನ ಕಾದೆವು. ಇಷ್ಟು ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೋ ಬರ್ತಿತ್ತು ಅಲ್ವಾ ಅಂತ ಹೆಂಡತಿ ಕೇಳಿದ್ದು ಆ ಹತ್ತು ದಿನಗಳಲ್ಲೇ. ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ.

ಎರಡನೇ ಸಲ ಇಳಿಸಿ ಹತ್ತಿಸಲು ಒಂದೇ ದಿನ ಸಾಕಾಯಿತು. ಮೇಸ್ತ್ರಿ ಬೈಯಲಿಲ್ಲ. ಹೊಸ ಪ್ಲೇಟಿನ ಮೇಲೆ ಚಾಕ್‌ಪೀಸಿನಲ್ಲಿ 'ಗೇರ್' ಅಂತ ದೊಡ್ಡದಾಗಿ ಬರೆದು ನನ್ನ ಕೈಗೆ ಕೊಟ್ಟರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಆಮೇಲಿನವು ಚಿಲ್ಲರೆ ಕೆಲಸಗಳು, ಆದರೆ ದಿನ ತಿಂದವು. ಹಳೇ ಇಂಜಿನ್ನಿಗೆ ಡೈನಮೋ ಇತ್ತು, ಇದಕ್ಕೆ ಆಲ್ಟರ್ನೇಟರ್. ವಯರಿಂಗ್ ಬದಲಿಸಿ, ಡೈನಮೋದ ಚಾರ್ಜ್ ನಿಯಂತ್ರಿಸುತ್ತಿದ್ದ ಹಳೇ ಕಟ್‌ಔಟ್ ಪೆಟ್ಟಿಗೆಯನ್ನು ಬರೀ ನೋಟಕ್ಕೆ ಅಲ್ಲೇ ಬಿಟ್ಟೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಬದಲಿಸಿದೆ. ಇಂಜಿನ್ ಒಂದು ಸಲ ಚೆನ್ನಾಗಿ ಕಾದು ಪೂರ್ತಿ ಆರಿದ ಮೇಲೆ ಹೆಡ್ ನಟ್ಟುಗಳನ್ನು ಮಧ್ಯದಿಂದ ಹೊರಕ್ಕೆ ಮತ್ತೊಮ್ಮೆ ಬಿಗಿದೆವು. ಮೊದಲ 500 ಕಿಲೋಮೀಟರ್ ಮೆಲ್ಲಗೆ ಓಡಿಸಿ 20ಡಬ್ಲ್ಯು-40 ಆಯಿಲ್ ಬದಲಿಸಿದೆ. ಮೊದಲ ಆಯಿಲಿನಲ್ಲಿ ಬೆಳ್ಳಿ ಪುಡಿಯ ಹಾಗೆ ಸಣ್ಣ ಹೊಳಪು ಇತ್ತು. ಹೊಸ ರಿಂಗ್ ಕೂರುವಾಗ ಇದು ಇದ್ದದ್ದೇ ಅಂದರು ಮೇಸ್ತ್ರಿ.

ಆರ್‌ಟಿಒ ಇನ್‌ಸ್ಪೆಕ್ಟರ್ ಪರಿಶೀಲನೆಗೆ ಬಂದಾಗ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೇ. ಮೊದಲು ಚಾಸಿ ನಂಬರ್, ಅದು ಅಪ್ಪನ ಕಾಲದ್ದು. ಪಕ್ಕದಲ್ಲಿ ಇಂಜಿನ್ ನಂಬರ್, ಅದು ಸಾಗರದವರ ಅಪ್ಪನದ್ದು. ಎರಡೂ ಒಂದೇ ಹಾಳೆಯಲ್ಲಿ ಅಂಟಿಕೊಂಡು ಫೈಲಿಗೆ ಹೋದವು. ಇನ್ಶೂರೆನ್ಸಿನಲ್ಲೂ ನಂಬರ್ ಬದಲಿಸಿಕೊಂಡೆ. ಖರ್ಚು ಎಲ್ಲಾ ಸೇರಿ 90 ಸಾವಿರದ ಹತ್ತಿರ ಬಂತು. ಮನೆಯಲ್ಲಿ 60 ಅಂತ ಹೇಳಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿದೆ. ಸೋಮೇಶ್ವರದಲ್ಲಿ ಚಹಾ ಕುಡಿದು ವಾಪಸ್ ಹತ್ತಿದೆವು. ಎರಡನೇ ಗೇರಿನಲ್ಲಿ ಆರಾಮವಾಗಿ ಎಳೆಯಿತು. ತಿರುವುಗಳಲ್ಲಿ ನಾನು ರಸ್ತೆಗಿಂತ ಮೀಟರನ್ನೇ ಜಾಸ್ತಿ ನೋಡುತ್ತಿದ್ದೆ, ಮುಂದೆ ನೋಡು ಮಾರಾಯ ಅಂತ ಮೇಸ್ತ್ರಿ ಎರಡು ಸಲ ಹೇಳಿದರು. ಒಂಬತ್ತನೇ ತಿರುವಿನಲ್ಲಿ ಸುಮ್ನೆ ನಿಲ್ಲಿಸಿದೆ. ಮುಳ್ಳು ನಡುವೆಯೇ ಇತ್ತು. ಮಂಗಗಳು ಬಂದು ಬಾನೆಟ್ ಮೇಲೆ ಕೂತವು. ಬಿಸಿ ತಾಗಿ ಒಂದು ಮರಿ ಹಾರಿ ಕಟ್ಟೆಗೆ ಓಡಿತು, ದೊಡ್ಡದು ಅಲ್ಲೇ ಕೂತು ವೈಪರ್ ಬ್ಲೇಡ್ ಕಿತ್ತುಕೊಂಡು ಹೋಯಿತು.